ಮುಲ್ಕರಾದ ಕಬ್ಬಿಣದ ಮಂಚಗಳು

ಜೂನ್ 3, ಸೋಮವಾರ

ಗಣಿ ಕಂಪನಿಯ ಕಾಗದ ಬಂತು. ಮುಲ್ಕರಾ ಬಯಲಿನ ಮೇಲೆ ಅದಿರಿನ ಲಾರಿಗಳಿಗಾಗಿ ರಸ್ತೆ ಮಾಡುತ್ತಾರಂತೆ. ಜುಲೈ ಕೊನೆಗೆ ನೆಲ ಕೆರೆಯುವ ಯಂತ್ರ ಬರುತ್ತದಂತೆ. ಕೆಳಗೆ ಒಂದು ಸಾಲು: ‘ಸದರಿ ಸ್ಥಳದಲ್ಲಿ ಸಮಾಧಿಗಳಿರುವುದು ಕಂಡುಬಂದಿಲ್ಲ.’ ಕಂಡುಬಂದಿಲ್ಲವಂತೆ! ಕಣ್ಣು ಬಿಟ್ಟು ನೋಡಿದ್ದರೆ ತಾನೇ ಕಾಣುವುದು.

ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಟೇಗನ್ ಎಂಬ ಹುಡುಗಿ ಎತ್ತಿದಳು. ಕಂಪನಿಯ ಪರವಾಗಿ ಊರಿನವರ ಜೊತೆ ಮಾತಾಡುವುದೇ ಅವಳ ಕೆಲಸವಂತೆ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

“ಮಿಸೆಸ್ ಟಲ್ಲಿ, ಮುಲ್ಕರಾದಲ್ಲಿ ನಿಮ್ಮ ಕಡೆಯೋರು ಯಾರಾದ್ರೂ ಇದ್ದಾರಾ?”

“ನನ್ನ ತಂಗಿ ಇದಾಳೆ.”

“ಹೌದಾ? ಅವರ ಫೋನ್ ನಂಬರ್ ಕೊಡ್ತೀರಾ?”

“ಎರಡು ವರ್ಷದ ಕೂಸು ಕಣಮ್ಮ ಅವಳು. ಸತ್ತು ಎಪ್ಪತ್ತು ವರ್ಷದ ಮೇಲಾಯ್ತು. ಫೋನ್ ಎತ್ತೋದು ಅನುಮಾನ.”

‘ಅಯ್ಯೋ, ಕ್ಷಮಿಸಿ’ ಎಂದು ತಡವರಿಸಿದಳು. ಆಮೇಲೆ, ‘ಗೋರಿ ಎಲ್ಲಿದೆ ತೋರಿಸಿ, ಮಾತಾಡೋಣ’ ಎಂದಳು.

ನನಗೆ ಬೇಕಾದದ್ದು ಇಷ್ಟೇ, ಅವಳಿಗೂ ಅದನ್ನೇ ಹೇಳಿದೆ. ವಾಲ್ಮೇಯನ್ನು ಅಲ್ಲಿಂದ ಎತ್ತಿ ತಂದು ಇಲ್ಲಿ ಹಾಪ್ಟನ್ನಿನ ಸ್ಮಶಾನದಲ್ಲಿ ಅಮ್ಮನ ಪಕ್ಕ ಮಲಗಿಸಬೇಕು. ‘ಎನಿಡ್, ಮಗೂನ ತಂದು ನನ್ನ ಮಗ್ಗುಲಲ್ಲಿ ಹಾಕು’ ಎಂದು ಅಮ್ಮ ಸಾಯುವಾಗ ಬಾಯಿಬಿಟ್ಟು ಕೇಳಿದ್ದಳು. ಪಕ್ಕದ ಜಾಗವನ್ನೂ ಹಿಡಿದಿಟ್ಟಿದ್ದಳು. ಆಗ ಸರ್ಕಾರದವರು ಜಪ್ಪಯ್ಯ ಎಂದರೂ ಅಪ್ಪಣೆ ಕೊಡಲಿಲ್ಲ. ಈಗ ಈ ಕಂಪನಿಯವರೇ ಕೊಡಿಸಲಿ. ಆಮೇಲೆ ಅವರು ಅಲ್ಲಿ ರಸ್ತೆಯನ್ನಾದರೂ ಮಾಡಲಿ, ಕೆರೆಯನ್ನಾದರೂ ತೋಡಲಿ. ಉಳಿದ ಗೋರಿಗಳ ಉಸಾಬರಿ ನನಗೇಕೆ? ಅವರವರ ಮನೆಯವರು ನೋಡಿಕೊಳ್ಳುತ್ತಾರೆ.

ಹುಡುಕುವುದೇನೂ ಕಷ್ಟವಿಲ್ಲ. ರೈಲಿನ ಕಾಲದಲ್ಲಿ ಆ ಬಯಲಿನಲ್ಲಿ ಮಗು ಸತ್ತರೆ ಅದು ಮಲಗುತ್ತಿದ್ದ ಕಬ್ಬಿಣದ ಪುಟ್ಟ ಮಂಚವನ್ನೇ ಗೋರಿಯ ಮೇಲೆ ನಿಲ್ಲಿಸಿ ಕಾಲುಗಳನ್ನು ನೆಲಕ್ಕೆ ಹೂಳುತ್ತಿದ್ದರು. ಸತ್ತ ಮಗುವಿನ ಮಂಚದಲ್ಲಿ ಇನ್ನೊಂದು ಮಗುವನ್ನು ಯಾವ ತಾಯಿಯೂ ಮಲಗಿಸುತ್ತಿರಲಿಲ್ಲ. ಜೊತೆಗೆ ಡಿಂಗೋ ನಾಯಿಗಳು ಬಂದು ಕೆದಕಬಾರದಲ್ಲ. ನಮ್ಮಪ್ಪ ಗ್ಯಾಂಗ್‌ಮನ್. ವಾಲ್ಮೇಯ ಮಂಚ ಗಾಳಿಗೆ ಅಲುಗಬಾರದೆಂದು ಕಾಲುಗಳಿಗೆ ತೂತು ಕೊರೆದು ಹಳಿಗೆ ಹೊಡೆಯುವ ದಪ್ಪ ಮೊಳೆಗಳನ್ನು ಅಡ್ಡಡ್ಡ ತೂರಿಸಿ ಹೂಳಿದ್ದ. ಆ ಮೊಳೆಗಳನ್ನು ನನ್ನ ಲಂಗದ ಮಡಿಲಲ್ಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವಳು ನಾನೇ. ಆಗ ನನಗೆ ಆರು ವರ್ಷ. ಬಿಸಿಲಿಗೆ ಕಾದ ಮೊಳೆಗಳು ತೊಡೆ ಸುಡುತ್ತಿದ್ದವು.

ಮಂಚ ಹುಡುಕಿದರೆ ಮಗು ಸಿಕ್ಕಿದಂತೆ. ಈಗ ಅಮ್ಮನ ಹಳೇ ಕಬ್ಬಿಣದ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಮಗ್ಗುಲು ಬದಲಿಸಿದರೆ ಕಿರ್ರೆನ್ನುತ್ತದೆ, ಅಮ್ಮನ ಹಾಗೆಯೇ.

ಜೂನ್ 6, ಗುರುವಾರ

ಮುಲ್ಕರಾಕ್ಕೆ ಹೋಗಿ ಬಂದೆ. ಏನೂ ಇಲ್ಲ.

ಸ್ಟೇಷನ್ ಮಾಸ್ತರರ ಮನೆಯ ಹೊಗೆಗೂಡು ಇದೆ, ನೀರಿನ ಟ್ಯಾಂಕಿನ ಕಂಬಗಳಿವೆ, ಹಳಿ ಕಿತ್ತುಹೋದ ಏರಿ ಇದೆ. ಟ್ಯಾಂಕಿನ ಸುತ್ತ ಬೆಳಿಗ್ಗೆಯಿಂದ ಸುತ್ತಿದೆ. ವಾಲ್ಮೇಯನ್ನು ಮಣ್ಣು ಮಾಡುವಾಗ ಆ ಟ್ಯಾಂಕ್ ಕಾಣುತ್ತಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಮಂಚಗಳು ಮಾತ್ರ ಒಂದೂ ಇಲ್ಲ. ಮಂಚ ಹಾಳಾಗಲಿ, ಒಂದು ತುಕ್ಕು ಹಿಡಿದ ಡಬ್ಬಿ ಕೂಡ ಇಲ್ಲ. ಬಯಲು ನೆಕ್ಕಿಟ್ಟ ತಟ್ಟೆಯ ಹಾಗಿದೆ.

ಇದು ಸರಿಯಿಲ್ಲ. ಈ ಸೀಮೆಯಲ್ಲಿ ಮರವನ್ನು ಗೆದ್ದಲು ತಿನ್ನುತ್ತದೆ, ಬಟ್ಟೆಯನ್ನು ಬಿಸಿಲು ತಿನ್ನುತ್ತದೆ. ಕಬ್ಬಿಣವನ್ನು ತಿನ್ನುವವರು ಯಾರೂ ಇಲ್ಲ. ಮಳೆಯೇ ಬಾರದ ಕಡೆ ತುಕ್ಕೂ ಸೋಮಾರಿಯೇ. ಅಂದ ಮೇಲೆ ಯಾವನೋ ಎತ್ತಿಕೊಂಡು ಹೋಗಿದ್ದಾನೆ. ಅವನ ಕೈ ಸೇದಿಹೋಗ.

ಜೂನ್ 11, ಮಂಗಳವಾರ

ಟೇಗನ್ ಮನೆಗೇ ಬಂದಳು. ಇಪ್ಪತ್ತೈದು ವರ್ಷ ಇರಬಹುದು. ಹೊಸ ಬೂಟು, ಧೂಳಿಗೆ ಕೆಂಪಾಗಿದ್ದ ಕಣ್ಣು. ಹಣ್ಣಿನ ಕೇಕ್ ಕೊಟ್ಟೆ. ಕಂಪನಿಯ ಮೇಲಿನ ಸಿಟ್ಟನ್ನು ಕೇಕಿನ ಮೇಲೆ ತೋರಿಸುವಷ್ಟು ಕೆಟ್ಟವಳಲ್ಲ ನಾನು.

“ನಿಮ್ಮ ತಂಗಿ ಅಲ್ಲಿ ತೀರಿಕೊಂಡಿದ್ದು ಸರ್ಕಾರದ ದಾಖಲೆಯಲ್ಲಿದೆ ಮಿಸೆಸ್ ಟಲ್ಲಿ, ನಾವು ಇಲ್ಲ ಅಂತಿಲ್ಲ. ಆದ್ರೆ ಜಾಗ ಎಲ್ಲಿ ಅಂತ ಗೊತ್ತಾಗ್ಬೇಕಲ್ವಾ?”

“ಹುಡುಕ್ತಾ ಇದೀನಿ.”

“ಒಬ್ರೇನಾ? ಈ ವಯಸ್ಸಲ್ಲಿ?”

“ವಯಸ್ಸು ಆಗಿರೋದು ನನಗೆ. ನನ್ನ ತಂಗಿಗಲ್ಲ.”

ಅವಳು ಕೇಕಿನ ಚೂರನ್ನು ತಟ್ಟೆಯಲ್ಲಿ ಅತ್ತಿತ್ತ ತಳ್ಳುತ್ತಾ ಕೂತಳು. ಹೋಗುವಾಗ ‘ಹುಷಾರು, ಅಲ್ಲಿ ಹಾವಿರ್ತವೆ’ ಎಂದಳು. ನಮ್ಮ ಜೂನ್ ತಿಂಗಳ ಚಳಿಗಾಲದಲ್ಲಿ ಹಾವು! ನಗರದ ಕೂಸು.

ಜೂನ್ 12

ಸೊಂಟ ನೋವು. ಇವತ್ತು ಬರೆಯುವುದಿಲ್ಲ.

ಜೂನ್ 17, ಸೋಮವಾರ

ಪೆನ್ನಿನ ಮೊನೆ ಹಾಳೆ ಹರಿಯಿತು. ಸಿಟ್ಟಿಗೆ.

ಮೊಟ್ಟೆ ಕೇಳಲು ಪಕ್ಕದ ಮನೆಯ ಸೆಸ್ ಪೋಲ್ನರ್ ಹತ್ತಿರ ಹೋಗಿದ್ದೆ. ಮೂವತ್ತು ವರ್ಷದಿಂದ ಅವನ ಕೋಳಿಗೂಡಿನ ಬಾಗಿಲು ನೋಡುತ್ತಲೇ ಇದ್ದೇನೆ, ಇವತ್ತು ಕಣ್ಣು ಬಿತ್ತು. ಬಾಗಿಲಲ್ಲ ಅದು. ಮಗುವಿನ ಮಂಚದ ತಲೆಕಡೆಯ ಚೌಕಟ್ಟು. ಬಾಗಿದ ಕಂಬಿ, ನಡುವೆ ಸಣ್ಣ ಸಣ್ಣ ಸರಳು, ಮೇಲೆ ಎರಡು ಗುಂಡು. ಕಾಲುಗಳನ್ನು ಕೊಯ್ದಿದ್ದಾರೆ. ಕೋಳಿಯ ಹಿಕ್ಕೆ ಮೆತ್ತಿಕೊಂಡಿದೆ.

“ಇದೆಲ್ಲಿಂದ ತಂದೆ ಸೆಸ್?”

“ಯಾವುದು? ಓ, ಇದಾ? ಮುಲ್ಕರಾದಲ್ಲಿ ಬಿದ್ದಿತ್ತು ಕಣೇ. ಚೆಂದದೂರು ಸಮಿತಿಯಿಂದ ನಾವೆಲ್ಲ ಸೇರಿ ಆ ಬಯಲನ್ನ ಗುಡಿಸಿ ಕ್ಲೀನ್ ಮಾಡಿದ್ವಲ್ಲ, ಎಂಬತ್ತೆಂಟರಲ್ಲಿ, ದೇಶಕ್ಕೆ ಇನ್ನೂರು ವರ್ಷ ಆಯ್ತು ಅಂತ ಎಲ್ಲಾ ಕಡೆ ಹಬ್ಬ ಮಾಡಿದ ವರ್ಷ. ನಾನೇ ಲಾರಿ ಓಡಿಸಿದ್ದು. ನಮ್ಮೂರಿಗೆ ಬಹುಮಾನದ ಫಲಕ ಬಂತು, ನೆನಪಿಲ್ವಾ? ನೀನಾಗ ಪೋರ್ಟ್ ಅಗಸ್ಟಾದಲ್ಲಿದ್ದೆ.”

“ಏನು ಕ್ಲೀನ್ ಮಾಡಿದ್ರಿ?”

“ಗುಜರಿ. ಯಾರೋ ಬಿಟ್ಟು ಹೋದ ಹಳೇ ಮಂಚ, ಡ್ರಮ್ಮು, ತಗಡು...”

“ಅದು ಗೋರಿ ಕಣೋ, ಮುಟ್ಠಾಳ! ಸತ್ತ ಮಕ್ಕಳ ಗೋರಿ!”

ಅವನ ಬಾಯಿ ಹಾಗೇ ತೆರೆದುಕೊಂಡಿತು. ಮೊಟ್ಟೆಯ ಬುಟ್ಟಿ ಕೈಯಲ್ಲೇ ಇತ್ತು. ‘ಯಾರೂ ಹೇಳ್ಲಿಲ್ಲ’ ಎಂದ. ಹೇಳುವುದೇನು? ಬಯಲಿನಲ್ಲಿ ಮನೆಯೇ ಇಲ್ಲದ ಕಡೆ ಒಂದರ ಪಕ್ಕ ಒಂದು ಮಂಚ ಯಾಕಿರುತ್ತದೆ ಎಂದು ಒಬ್ಬನಿಗಾದರೂ ಹೊಳೆಯಬಾರದೇ? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ. ಇವರು ತಮ್ಮ ಮೈಮೇಲಲ್ಲ, ನಮ್ಮ ಮಕ್ಕಳ ಮೈಮೇಲೆ ಬಿಟ್ಟರು. ಊರಿಗೆ ಫಲಕ ಬೇರೆ!

ಅದು ವಾಲ್ಮೇಯದಲ್ಲ. ಅವಳದಕ್ಕೆ ಬಿಳಿ ಬಣ್ಣ ಇತ್ತು, ಒಂದು ಗುಂಡು ಕಳೆದುಹೋಗಿದ್ದಕ್ಕೆ ಅಪ್ಪ ನಟ್ಟು ಕೂರಿಸಿದ್ದ. ಆದರೂ ಬಿಡಲಿಲ್ಲ. ಬಾಗಿಲನ್ನು ತಿರುಪು ಬಿಚ್ಚಿ ಹೊತ್ತುಕೊಂಡೇ ಬಂದೆ. ಸೆಸ್‌ನ ಕೋಳಿಗಳೆಲ್ಲ ಬೀದಿಗೆ ಬಿದ್ದವು. ಬೀಳಲಿ.

ಜೂನ್ 18

ಸೆಸ್ ಬೇಲಿಯ ಹತ್ತಿರ ನಿಂತಿದ್ದ. ನಾನು ನೋಡಲಿಲ್ಲ.

ಜೂನ್ 24, ಸೋಮವಾರ

ಒಂದು ವಾರದಿಂದ ಊರೆಲ್ಲ ತಿರುಗುತ್ತಿದ್ದೇನೆ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. ಚರ್ಚಿನ ಪಾದ್ರಿಯ ಹಿತ್ತಲಲ್ಲಿ ಟೊಮೇಟೊ ಬಳ್ಳಿ ಹಬ್ಬಿಸಿದ್ದು ಒಂದು. ಮಹಿಳಾ ಸಂಘದ ಅಂಗಳದಲ್ಲಿ ಹೂವಿನ ಬಳ್ಳಿಗೆ ಒಂದು. ಎರಡೂ ಬಿಳಿಯಲ್ಲ. ಎರಡನ್ನೂ ತಂದೆ. ಸಂಘದ ಅಧ್ಯಕ್ಷಿಣಿ ‘ಬಳ್ಳಿ ಸಾಯುತ್ತೆ ಎನಿಡ್’ ಎಂದಳು. ‘ಅದರ ಕೆಳಗಿದ್ದೋರು ಸತ್ತಾಗಿದೆ, ಬಳ್ಳಿಗೇನು ದೊಡ್ಡಸ್ತಿಕೆ’ ಎಂದೆ. ನನ್ನ ಬೆನ್ನಿಗೆ ‘ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ’ ಎಂದು ಯಾರೋ ನಕ್ಕರು. ನಗಲಿ, ಹಲ್ಲಿರುವ ತನಕ.

ಪಬ್ಬಿನ ಹಿಂದೆ ಮತ್ತೊಂದು ಸಿಕ್ಕಿತು, ಬಿಯರ್ ಪೀಪಾಯಿಗಳಿಗೆ ಅಡ್ಡ ಇಟ್ಟಿದ್ದರು. ನಾನು ಎಳೆಯುತ್ತಿರುವಾಗ ನೊರೀನ್ ಬಂದು ಇನ್ನೊಂದು ತುದಿ ಹಿಡಿದಳು. ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ಮುಲ್ಕರಾ ಬಯಲು ರೈಲಿಗಿಂತ ಮೊದಲಿನಿಂದ ಮೂಲನಿವಾಸಿಗಳಾದ ಅವಳ ಜನರದು. ಮೂವತ್ತು ವರ್ಷದಿಂದ ಮುಖಪರಿಚಯ, ಹವಾಮಾನ ಬಿಟ್ಟು ಬೇರೇನೂ ಮಾತಾಡಿದವರಲ್ಲ.

“ಇದು ನಮ್ಮದು” ಎಂದಳು.

“ನಿಮ್ಮದು ಅಂದ್ರೆ?”

“ನಮ್ಮಜ್ಜಿಯ ಮೊದಲ ಮಗೂದು. ಮೂರು ಸರಳು ಬಾಗಿದಾವೆ ನೋಡು. ಸ್ಟೇಷನ್ ಮಾಸ್ತರರ ಮನೆ ಬಟ್ಟೆ ಒಗೀತಿದ್ಲು ಅಜ್ಜಿ. ಮಂಚ ಮಾಸ್ತರರ ಹೆಂಡ್ತಿ ಕೊಟ್ಟಿದ್ದು. ಇಲ್ಲಿ ಕುಡಿದೋರು ಇದಕ್ಕೆ ಒರಗ್ಕೊಂಡು ಉಚ್ಚೆ ಹೊಯ್ಯೋದನ್ನ ಎಷ್ಟೋ ವರ್ಷದಿಂದ ನೋಡ್ತಾ ಇದೀನಿ.”

“ಅಯ್ಯೋ, ಯಾಕೆ ಹೇಳ್ಲಿಲ್ಲ ನೊರೀನ್?”

“ಯಾರಿಗೆ? ಪಬ್ಬಿನೋನಿಗೆ ಹೇಳ್ದೆ, ನಕ್ಕ. ಕಂಪನಿ ಕಡೆಯಿಂದ ಸರ್ವೆ ಮಾಡೋರು ಬಂದ್ರು. ಕಲ್ಲಿನ ಕೊಡಲಿ ಸಿಗುತ್ತಾ, ಬಂಡೆ ಮೇಲೆ ಚಿತ್ರ ಇದೆಯಾ ಅಂತ ಕೇಳಿದ್ರು. ಮಂಚ ಇದೆಯಾ ಅಂತ ಕೇಳ್ಲಿಲ್ಲ.”

“ಗೋರಿಗಳೆಲ್ಲ ಕಳೆದುಹೋಗಿವೆ” ಎಂದೆ.

“ನಿಮಗೆ ಕಳೆದುಹೋಗಿವೆ” ಎಂದಳು.

ಇಬ್ಬರೂ ಹೊತ್ತುಕೊಂಡು ನಮ್ಮ ಮನೆಗೆ ತಂದೆವು. ಈಗ ಜಗಲಿಯಲ್ಲಿ ನಾಲ್ಕು ನಿಂತಿವೆ, ಒಂದೂ ಬಿಳಿಯಲ್ಲ. ಸಂಜೆ ಕೂತು ಕೋಳಿಯ ಹಿಕ್ಕೆ ತೊಳೆದೆ. ಯಾರದೋ ಏನೋ, ಆದರೂ ಹಾಗೆ ಬಿಡಲಾಗುವುದಿಲ್ಲವಲ್ಲ.

ಜುಲೈ 1, ಸೋಮವಾರ

ಸೆಸ್ ಬಂದ. ಟೋಪಿ ಕೈಯಲ್ಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲು ಮುಟ್ಟಿಕೊಳ್ಳುತ್ತಲೇ ಮೆಟ್ಟಿಲು ಹತ್ತಿದ.

“ಬೈಬೇಡ. ಒಂದು ಮಾತು ಹೇಳಿ ಹೋಗ್ತೀನಿ.”

“ಬೈಯೋದು ಬಿಡೋದು ಮಾತು ಕೇಳಿದ ಮೇಲೆ.”

“ಆ ಮಂಚಗಳು ಕಿತ್ರೆ ಬರ್ಲಿಲ್ಲ ಕಣೇ. ಲಾರಿಗೆ ಹಗ್ಗ ಕಟ್ಟಿ ಎಳೆದ್ರೂ ಬರ್ಲಿಲ್ಲ. ಕೊನೆಗೆ ನಾನೇ ಗರಗಸ ತಗೊಂಡು ಕಾಲುಗಳನ್ನ ನೆಲದ ಮಟ್ಟಕ್ಕೆ ಕೊಯ್ದೆ. ತಲೆಕಡೆಯ ಚೌಕಟ್ಟು ಬೇಕಾದೋರು ಇಟ್ಕೊಂಡ್ರು, ಮಿಕ್ಕಿದ್ದು ಗುಜರಿಗೆ ಹೋಯ್ತು. ಎಡಗೈಯಲ್ಲಿ ಕೊಯ್ಯೋನು ನಾನು, ಓರೆಯಾಗೇ ಹೋಗುತ್ತೆ, ನೋಡು.” ಜಗಲಿಯ ಮೇಲಿನ ಚೌಕಟ್ಟನ್ನು ಮಗುಚಿ ತೋರಿಸಿದ. ಓರೆಯೇ. “ಅಂದ್ರೆ ಪಾದಗಳು ಇನ್ನೂ ನೆಲದಲ್ಲೇ ಇರ್ಬೇಕು.”

ಅಷ್ಟು ವರ್ಷದ ಧೂಳಿನ ಕೆಳಗೆ ಪಾದಗಳು ಊರಿಕೊಂಡೇ ಇವೆ!

“ಎಲ್ಲಿ ಕೊಯ್ದೆ?”

“ಅದೇ ನೆನಪಿಲ್ಲ. ನಿನ್ನಾಣೆ. ಎರಡು ದಿನ ಎಲ್ಲಾ ಕಡೆಯಿಂದ ಎತ್ತಿ ತುಂಬಿದ್ದೇ ತುಂಬಿದ್ದು. ಬಿಯರ್ ಬೇರೆ ಕುಡಿದಿದ್ವಿ.”

ಚಹಾ ಕೊಟ್ಟೆ. ಸಕ್ಕರೆ ಹಾಕಲಿಲ್ಲ.

ಜುಲೈ 5, ಶುಕ್ರವಾರ

ಮುಲ್ಕರಾದಿಂದ ಈಗ ಬಂದೆ. ಮೈಯೆಲ್ಲ ಕೆಂಪು ಧೂಳು. ತೊಳೆಯುವ ಮೊದಲು ಬರೆಯಬೇಕು.

ಮೂವರೂ ಸೆಸ್‌ನ ಗಾಡಿಯಲ್ಲಿ ಹೋದೆವು, ಹಿಂದೆ ನಾಲ್ಕು ಚೌಕಟ್ಟು. ಸೆಸ್ ಯಾರಿಂದಲೋ ಕಬ್ಬಿಣ ಪತ್ತೆ ಮಾಡುವ ಕೋಲು ತಂದಿದ್ದ. ಟ್ಯಾಂಕಿನ ಹತ್ತಿರ ಅದು ಹೆಜ್ಜೆಗೊಮ್ಮೆ ಕೀಂ ಎಂದಿತು. ಅಗೆದರೆ ಹಳಿಯ ಮೊಳೆ, ಮತ್ತೆ ಹಳಿಯ ಮೊಳೆ. ಸೆಸ್ ಬೆವರಿ ಕೂತ. ನೊರೀನ್ ಅಲ್ಲಿತನಕ ಗಾಡಿಯ ನೆರಳಲ್ಲಿ ಬ್ರೆಡ್ಡು, ತಣ್ಣನೆಯ ಕುರಿಮಾಂಸ ತಿನ್ನುತ್ತಾ ನಮ್ಮನ್ನೇ ನೋಡುತ್ತಿದ್ದಳು.

“ಕುಡಿಯೋ ನೀರಿನ ಪಕ್ಕ ಯಾರಾದ್ರೂ ಹೆಣ ಹೂಳ್ತಾರಾ?” ಎಂದಳು.

“ಟ್ಯಾಂಕ್ ಕಾಣ್ತಿತ್ತು ನನಗೆ. ಚೆನ್ನಾಗಿ ನೆನಪಿದೆ” ಎಂದೆ.

“ಕಾಣುತ್ತೆ. ಹಳಿಯ ಆಚೆಯಿಂದಲೂ ಕಾಣುತ್ತೆ. ಈಚೆ ಕಡೆ ನಿಮ್ಮ ಮನೆಗಳು. ಆಚೆ ಕಡೆ ನಾವು, ಸತ್ತೋರು.”

“ಮೊದಲೇ ಹೇಳ್ಬಾರ್ದಾಗಿತ್ತಾ ಮಾರಾಯ್ತಿ!” ಎಂದ ಸೆಸ್, ಬೆನ್ನು ಹಿಡಿದುಕೊಂಡು.

“ನೀವು ಕೇಳ್ತೀರಾ ಅಂತ ಕಾಯ್ತಿದ್ದೆ.”

ಏರಿ ದಾಟಿದೆವು. ಆಚೆ ಉಪ್ಪುಗಿಡಗಳ ನಡುವೆ ಅವರ ಜನರ ಹಳೇ ಬಿಡಾರದ ಜಾಗ. ಅದರ ಮಗ್ಗುಲಲ್ಲೇ ಕೋಲು ಕೀಂ ಎಂದಿತು. ಮಂಡಿಯೂರಿ ಕೈಯಿಂದ ಧೂಳು ಸರಿಸಿದೆ. ಸಣ್ಣ ಕೊಳವೆಯ ಬಾಯಿ, ಓರೆಯಾಗಿ ಕೊಯ್ದದ್ದು. ಪುಟ್ಟ ಮಂಚದಗಲದಷ್ಟು ದೂರದಲ್ಲಿ ಅದರ ಜೋಡಿ. ಸೆಸ್ ಒಂದೊಂದೇ ಚೌಕಟ್ಟು ತಂದು ಮೇಲಿಟ್ಟು ನೋಡಿದ. ಮೊದಲನೆಯದು ಕೂರಲಿಲ್ಲ, ಎರಡನೆಯದು ಕೂರಲಿಲ್ಲ. ಮೂರು ಸರಳು ಬಾಗಿದ್ದದ್ದು ತಟ್ಟನೆ ಕೂತಿತು. ಓರೆಗೆ ಓರೆ, ಕೂದಲೆಳೆಯ ಸಂದಿಲ್ಲ.

ನೊರೀನ್ ಕಂಬಿಯನ್ನು ಅಂಗೈಯಲ್ಲಿ ಸವರಿದಳು, ಆಮೇಲೆ ಅವಳ ಭಾಷೆಯಲ್ಲಿ ಏನೋ ಹೇಳಿದಳು, ನಮಗಲ್ಲ. ಸೆಸ್ ಆ ಕಡೆ ತಿರುಗಿ ನಿಂತು ಮೂಗು ಒರೆಸಿಕೊಂಡ.

ವಾಪಸ್ ಬರುವಾಗ ಅವಳು ಹೇಳಿದ್ದು: “ರೈಲಿನೋರಿಗೆ ವರ್ಗ ಆಗ್ತಿತ್ತು, ಮಗೂನ ಬಿಟ್ಟು ಹೋಗ್ತಿದ್ರು. ಪಾಪ, ಏನ್ ಮಾಡ್ತಾರೆ. ಆಮೇಲೆ ಅಲ್ಲಿ ಮರಳು ಗುಡಿಸ್ತಿದ್ದಿದ್ದು ನಮ್ಮಜ್ಜಿ. ಎಲ್ಲಾ ಮಂಚದ ಕೆಳಗೂ. ನಿಮ್ಮದೂ.”

ವಾಲ್ಮೇ ಅಲ್ಲಿ ಒಂಟಿಯಾಗಿದ್ದಾಳೆಂದು ಅಮ್ಮ ಇಡೀ ಜನ್ಮ ಅತ್ತಳು. ಇದು ಅವಳಿಗೆ ಗೊತ್ತಿದ್ದರೆ! ನಾನೂ ಇವತ್ತು ಅತ್ತೆ. ಧೂಳಿಗೆ ಎಂದು ಹೇಳಿದೆ.

ಜುಲೈ 10, ಬುಧವಾರ

ಮತ್ತೆ ಹೋಗಿದ್ದೆವು. ಉಳಿದ ಮೂರಕ್ಕೂ ಪಾದ ಸಿಕ್ಕಿತು. ಒಂದು ಜೋಡಿ ಉಳಿದವಕ್ಕೆ ಅಡ್ಡಡ್ಡವಾಗಿದೆ. ಸೆಸ್ ‘ಯಾವನೋ ಕುಡಿದು ಹೂಳಿದಾನೆ’ ಎಂದ. ಅಲ್ಲ, ಅದು ಒಂಟೆ ಸಾಗಿಸುತ್ತಿದ್ದ ಅಫ್ಘಾನರ ಮಗುವಿನದು, ಮುಖ ಮೆಕ್ಕಾದ ಕಡೆಗೆ ಎಂದು ನೊರೀನ್ ಹೇಳಿದಳು. ಸೆಸ್‌ನ ಕೋಳಿಗೂಡಿನ ಬಾಗಿಲೇ ಅದಕ್ಕೆ ಕೂತಿತು. ಸೆಸ್ ಟೋಪಿ ತೆಗೆದು ಅಲ್ಲೇ ನಿಂತ.

ಇನ್ನೂ ಒಂದು ಜೋಡಿ ಪಾದ ಉಳಿದಿತ್ತು, ಅದರ ಸುತ್ತ ನಾನೇ ಅಗೆದೆ. ಯಾರನ್ನೂ ಬಿಡಲಿಲ್ಲ. ಒಂದು ಗೇಣು ಕೆಳಗೆ ಬೆರಳಿಗೆ ತಗುಲಿತು, ಕಾಲಿಗೆ ಅಡ್ಡವಾಗಿ ತೂರಿಸಿದ ದಪ್ಪ ಮೊಳೆ. ಅಪ್ಪನ ಮೊಳೆ. ನನ್ನ ಮಡಿಲಿನಿಂದ ಅವನು ಎತ್ತಿಕೊಂಡದ್ದು.

ವಾಲ್ಮೇ, ನೀನಿಲ್ಲೇ ಇದ್ದೀಯಲ್ಲೇ.

ಆದರೆ ಅವಳ ಪಾದದ ಮೇಲೆ ಇಡಲು ಚೌಕಟ್ಟಿಲ್ಲ.

“ಬಿಳಿಯದು, ನಟ್ಟು ಕೂರಿಸಿದ್ದು” ಎಂದೆ. ಸೆಸ್ ನೆಲ ನೋಡಿದ.

“ಅದಾ... ಅದು ದಪ್ಪ ಇತ್ತು ಕಣೇ. ಒಳ್ಳೇ ತೂಕ ಬರುತ್ತೆ ಅಂತ ಗುಜರಿ ಲಾರಿಗೆ ಹಾಕಿದ್ವಿ. ಕರಗಿಸೋಕೆ ಹೋಯ್ತು.”

ನಾಲಿಗೆ ತುದಿಗೆ ಬಂದದ್ದೆಲ್ಲ ಬೈದೆ. ಗಲಾ ಗಿಳಿಗಳು ಹೆದರಿ ಹಾರಿದವು. ಸೆಸ್ ಎದುರಾಡಲಿಲ್ಲ. ಬೈದು ಮುಗಿದ ಮೇಲೆ ನೀರು ಕೊಟ್ಟ, ಕುಡಿದೆ.

ಜುಲೈ 16, ಮಂಗಳವಾರ

ಟೇಗನ್ ಮುಲ್ಕರಾಕ್ಕೇ ಬಂದು ನೋಡಿದಳು. ಮಂಚಗಳ ನಡುವೆ ಮೆಲ್ಲಗೆ ನಡೆದಳು, ಎಲ್ಲೂ ತುಳಿಯದ ಹಾಗೆ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು.

“ಕಂಪನಿ ಒಪ್ಪಿದೆ ಮಿಸೆಸ್ ಟಲ್ಲಿ. ನಿಮ್ಮ ತಂಗಿಯನ್ನ ಗೌರವದಿಂದ ತೆಗೆದು ಹಾಪ್ಟನ್ನಿನಲ್ಲಿ ನಿಮ್ಮ ತಾಯಿ ಪಕ್ಕ ಇಡ್ತೀವಿ. ಅಪ್ಪಣೆ ನಾವೇ ತರ್ತೀವಿ. ಕಲ್ಲು ಕೂಡ ಹಾಕಿಸ್ತೀವಿ. ಇನ್ನು ಬೇರೆ ತಕರಾರಿಲ್ಲ ಅಂತ ನೀವೊಂದು ಸಹಿ ಹಾಕಿದ್ರೆ ಸಾಕು.”

“ಉಳಿದೋರು?”

“ಅವರ ಸಾವು ಎಲ್ಲೂ ದಾಖಲಾಗಿಲ್ಲ. ನೆಲದಲ್ಲಿ ಕಬ್ಬಿಣ ಇದೆ ಅಂದ ಮಾತ್ರಕ್ಕೆ ಗೋರಿ ಅಂತ ಒಪ್ಪಲ್ಲ ನಮ್ಮೋರು. ಫೋಟೋ ತೆಗೆದು... ಮಣ್ಣು ಮುಚ್ಚಿ...”

“ಮೇಲೆ ಲಾರಿ ಓಡಿಸ್ತೀರಿ.”

ಅವಳು ಸಹಿಯ ಕಾಗದವನ್ನು ಮುಂದೆ ಹಿಡಿದಳು.

“ಆಗಲ್ಲ” ಎಂದೆ. “ವಾಲ್ಮೇ ಎಲ್ಲಿಗೂ ಬರಲ್ಲ. ಅಕ್ಕಪಕ್ಕದ ಮನೆಯೋರ ಮೇಲೆ ಲಾರಿ ಹತ್ತೋಕೆ ಬಿಟ್ಟು ತಾನೊಬ್ಬಳೇ ಎದ್ದು ಬರೋಳಲ್ಲ ನಮ್ಮ ಹುಡುಗಿ.”

“ಆದ್ರೆ ಮೊದಲ ದಿನ ನೀವೇ ಇದನ್ನ ಕೇಳಿದ್ದಲ್ವಾ?”

ನಾನು ಕೇಳಿದ್ದೆನಂತೆ. ಇರಬಹುದು. ಆ ಹುಡುಗಿಗೆ ನೆನಪಿನ ಶಕ್ತಿ ಚೆನ್ನಾಗಿದೆ. ನಾನು ಅಷ್ಟೆಲ್ಲ ನೆನಪಿಟ್ಟುಕೊಳ್ಳುವುದಿಲ್ಲ.

ಅವಳು ಗಾಡಿ ಹತ್ತುವಾಗ ನೊರೀನ್ ಕೂಗಿದಳು, “ಏ ಮಗಾ, ಊಟ ಮಾಡಿದ್ಯಾ?” ‘ಇಲ್ಲ ಆಂಟಿ’ ಎಂದಳು. ಬ್ರೆಡ್ಡು ಕೊಟ್ಟು ಕಳಿಸಿದೆವು. ಯಂತ್ರ ಹದಿನೈದು ದಿನಕ್ಕೆ ಬರುತ್ತದೆ, ತಾನು ತಡೆಯಲಾರೆ ಎಂದು ಹೋಗುವ ಮೊದಲು ಹೇಳಿದಳು. ನಿಜ ಹೇಳಿದಳಲ್ಲ, ಅದಕ್ಕಾದರೂ ಮೆಚ್ಚಬೇಕು.

ಜುಲೈ 17

ಅಮ್ಮನ ಸಮಾಧಿಗೆ ಹೋಗಿದ್ದೆ. ಪಕ್ಕದ ಖಾಲಿ ಜಾಗದಲ್ಲಿ ಕಳೆ ಬೆಳೆದಿತ್ತು, ಕಿತ್ತೆ. ನೀನು ಕೇಳಿದ್ದು ಕೈಗೆ ಬಂದಿತ್ತು, ಬೇಡ ಅಂದುಬಿಟ್ಟೆ ಎಂದು ಹೇಳಿದೆ. ಅಮ್ಮ ಬದುಕಿದ್ದಾಗಲೂ ಇಂಥ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಆದರೂ ಬೇಡ ಎಂದದ್ದು ಬೇಡವೇ.

ಜುಲೈ 22, ಸೋಮವಾರ

ಬೆಳಿಗ್ಗೆ ಎದ್ದಾಗ ಮಂಚ ಕಿರ್ರೆಂದಿತು. ಕೂತು ಅದನ್ನೇ ನೋಡಿದೆ. ಎಷ್ಟು ಹೊತ್ತೋ. ಆಮೇಲೆ ಬೇಲಿಯ ಹತ್ತಿರ ಹೋಗಿ ಸೆಸ್‌ನನ್ನು ಕೂಗಿದೆ.

“ಗರಗಸ ತಗೊಂಡು ಬಾ.”

ಬಂದ. ಹಾಸಿಗೆ ನೆಲಕ್ಕೆ ಎಳೆದಿದ್ದೆ, ತಿರುಪು ಬಿಚ್ಚಿದ್ದೆ. ಅಮ್ಮನ ಮಂಚದ ತಲೆಕಡೆಯ ಚೌಕಟ್ಟು ಗೋಡೆಗೆ ಒರಗಿತ್ತು, ಸೆಸ್‌ನ ಎದೆಯೆತ್ತರ.

“ಇದರ ಕಾಲು ಕಡಿಮೆ ಮಾಡು. ವಾಲ್ಮೇಯದಕ್ಕೆ ಉದ್ದ ಆಗುತ್ತೆ.”

ಅವನು ಗರಗಸ ಕೆಳಗಿಟ್ಟ. “ಇನ್ನು ಈ ಜನ್ಮದಲ್ಲಿ ನಾನು ಮಂಚದ ಕಾಲು ಕೊಯ್ಯಲ್ಲ ಎನಿಡ್. ಬೇಕಾದ್ರೆ ಅಷ್ಟು ಆಳ ಗುಂಡಿ ತೋಡ್ತೀನಿ.”

“ನಿನ್ನ ಬೆನ್ನು ಬಿದ್ದುಹೋಗುತ್ತೆ ಕಣೋ.”

“ಬೀಳ್ಲಿ ಬಿಡು. ನನ್ನ ಬೆನ್ನು, ನನ್ನ ಕರ್ಮ.”

ತೋಡಿದ. ನೊರೀನ್‌ಳನ್ನೂ ಕರೆದುಕೊಂಡು ಮುಲ್ಕರಾಕ್ಕೆ ಹೋಗಿ ಆ ಕಲ್ಲುನೆಲದಲ್ಲಿ ಮಧ್ಯಾಹ್ನದ ತನಕ ತೋಡಿದ. ವಾಲ್ಮೇಯ ಪಾದಗಳ ಹೊರಗೆ ಒಂದೊಂದು ಕಡೆ ಅಮ್ಮನ ಮಂಚದ ಕಾಲು ಇಳಿಸಿದೆವು. ತೂತು ಕೊರೆದುಕೊಂಡೇ ಹೋಗಿದ್ದೆ. ಟ್ಯಾಂಕಿನ ಹತ್ತಿರ ಅಗೆದು ಎಸೆದಿದ್ದ ಹಳಿಯ ಮೊಳೆಗಳನ್ನು ಆರಿಸಿ ತಂದು ನನ್ನ ಮಡಿಲಲ್ಲಿ ಹಾಕಿಕೊಂಡು ನಿಂತೆ. ಒಂದೊಂದಾಗಿ ಕೊಟ್ಟೆ. ನೊರೀನ್ ತೂರಿಸಿದಳು, ಸೆಸ್ ಮಣ್ಣು ತುಳಿದ.

ಪುಟ್ಟ ಪುಟ್ಟ ಮಂಚಗಳ ನಡುವೆ ಇದೊಂದು ದೊಡ್ಡದು. ಸ್ವಲ್ಪ ಹಾಸ್ಯಾಸ್ಪದವಾಗಿ ಕಾಣುತ್ತದೆ. ಕಾಣಲಿ.

ಜುಲೈ 31, ಬುಧವಾರ

ಯಂತ್ರ ಬಂತು. ಮನೆಯಷ್ಟು ದೊಡ್ಡದು, ಹಳದಿ. ನಾವು ಬೆಳಕು ಹರಿಯುವ ಮೊದಲೇ ಹೋಗಿ ಮಡಿಸುವ ಕುರ್ಚಿ ಹಾಕಿಕೊಂಡು ಮಂಚಗಳ ಮುಂದೆ ಕೂತಿದ್ದೆವು. ಬೆಂಕಿಯ ಮೇಲೆ ಚಹಾ ಕುದಿಯುತ್ತಿತ್ತು. ಸೆಸ್ ಚೆಂದದೂರು ಸಮಿತಿಯ ಫಲಕವನ್ನು ಊರ ಬಾಗಿಲಿನಿಂದ ಕಿತ್ತು ತಂದು ಬೆಂಕಿಗೆ ಗಾಳಿ ಅಡ್ಡ ಮಾಡಿದ್ದ. ಇಷ್ಟು ವರ್ಷಕ್ಕೆ ಅದೊಂದು ಉಪಯೋಗಕ್ಕೆ ಬಂತು.

ಯಂತ್ರ ನಮ್ಮಿಂದ ಮಾರು ದೂರದಲ್ಲಿ ನಿಂತಿತು. ಇಳಿದವಳು ಹೆಂಗಸು, ಐವತ್ತರ ಆಸುಪಾಸು, ತಲೆಗೆ ಹೆಲ್ಮೆಟ್ಟು. ಎಂಜಿನ್ ಗುಡುಗುತ್ತಲೇ ಇತ್ತು.

“ಅಜ್ಜಿ, ದಾರಿ ಬಿಡ್ಬೇಕು. ನನಗೆ ಹೇಳಿರೋದು ಇದೇ ಗೆರೆ.”

“ನಿನಗೆ ಹೇಳಿದೋರು ಇಲ್ಲಿ ಮಲಗಿರೋರನ್ನ ನೋಡಿಲ್ಲ. ನೀನು ನೋಡು. ಆಮೇಲೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗ್ತೀಯೋ, ಹೋಗು. ಎದ್ದೇಳೋಕೆ ನನ್ನ ಸೊಂಟ ಒಪ್ಪಲ್ಲ.”

ಅವಳು ಒಂದೊಂದೇ ಮಂಚ ನೋಡುತ್ತಾ ಬಂದಳು. ಬಾಗಿದ ಸರಳುಗಳನ್ನು ನೋಡಿದಳು, ಅಡ್ಡಡ್ಡ ನಿಂತದ್ದನ್ನು ನೋಡಿದಳು. ದೊಡ್ಡದರ ಮುಂದೆ ನಿಂತಳು.

“ಇದೆಲ್ಲಾ ಮಕ್ಕಳದು, ಗೊತ್ತಾಯ್ತು. ಈ ದೊಡ್ಡದು ಯಾರದು?”

“ನಮ್ಮಮ್ಮಂದು.”

“ಅವರನ್ನೂ ಇಲ್ಲೇ...?”

“ಇಲ್ಲ. ಅಮ್ಮ ಊರಲ್ಲಿದಾಳೆ. ಮಗು ಇಲ್ಲಿದೆ. ಅದರ ಮಂಚ ಕರಗಿಸಿಬಿಟ್ರು.”

ಅವಳು ವಾಪಸ್ ಹೋಗಿ ಯಂತ್ರ ಹತ್ತಿದಳು. ಸೆಸ್ ನನ್ನ ಕೈ ಹಿಡಿದುಕೊಂಡ. ನೊರೀನ್ ಕಾಲು ನೆಲಕ್ಕೆ ಊರಿ ಕೂತಳು. ಎಂಜಿನ್ ನಿಂತುಹೋಯಿತು. ಅವಳು ತನ್ನ ಚಹಾದ ಫ್ಲಾಸ್ಕ್ ಹಿಡಿದು ಇಳಿದು ಬಂದು ನಮ್ಮ ಪಕ್ಕ ನೆಲದ ಮೇಲೆ ಕೂತು ಫೋನ್ ತೆಗೆದಳು. “ಸರ್, ಇಲ್ಲಿ ಮಕ್ಕಳು ಮಲಗಿದಾರೆ. ನಾನು ಓಡ್ಸಲ್ಲ. ಬೇರೆ ಯಾರನ್ನಾದ್ರೂ ಕಳಿಸ್ತೀರಾ, ಕಳಿಸಿ. ಅವರಿಗೂ ಇದನ್ನೇ ತೋರಿಸ್ತೀನಿ” ಎಂದಳು.

ಸಂಜೆಯ ತನಕ ಬೇರೆ ಯಾರೂ ಬರಲಿಲ್ಲ.

ಆಗಸ್ಟ್ 9, ಶುಕ್ರವಾರ

ಟೇಗನ್ ಫೋನ್ ಮಾಡಿದ್ದಳು. ಆ ಗೆರೆಯ ಮೇಲೆ ಯಂತ್ರ ಓಡಿಸಲು ಬೇರೆ ಯಾರೂ ಒಪ್ಪಲಿಲ್ಲವಂತೆ, ರಸ್ತೆ ಟ್ಯಾಂಕಿನ ಆಚೆಯಿಂದ ಬಳಸಿಕೊಂಡು ಹೋಗುತ್ತದಂತೆ. ಲಾರಿಗಳಿಗೆ ಸುತ್ತು ಜಾಸ್ತಿಯಂತೆ. ‘ಸುತ್ತಲಿ, ಟಯರಿಗೇನು ಸೊಂಟನೋವೇ’ ಎಂದೆ. ನಕ್ಕಳು, ಆಮೇಲೆ ಅತ್ತಳು, ಯಾಕೋ. ಭಾನುವಾರ ಊಟಕ್ಕೆ ಬಾ ಎಂದಿದ್ದೇನೆ. ನೊರೀನ್ ಬರುತ್ತಾಳೆ. ಸೆಸ್ ಕೋಳಿ ತರುತ್ತಾನೆ, ಗೂಡಿಗೆ ಹೊಸ ಬಾಗಿಲು ಮಾಡಿಲ್ಲವಾದ್ದರಿಂದ ಕೋಳಿಗಳೆಲ್ಲ ನಮ್ಮ ಅಂಗಳದಲ್ಲೇ ಇವೆ.

ನೆಲದ ಮೇಲೆ ಮಲಗಿದರೆ ಏಳುವುದು ದೊಡ್ಡ ಕೆಲಸ. ಗೋಡೆ ಹಿಡಿದು, ಕುರ್ಚಿ ಹಿಡಿದು, ಬಾಯಿಗೆ ಬಂದದ್ದು ಬೈದುಕೊಂಡು ಏಳುತ್ತೇನೆ. ಬೆಳಿಗ್ಗೆ ಸೆಸ್ ಅದನ್ನು ನೋಡಿದ.

“ರಸ್ತೆ ತಪ್ಪಿತಲ್ಲ ಎನಿಡ್, ಇನ್ನೇನು ಭಯ? ನಾಳೆ ಹೋಗಿ ನಿಮ್ಮಮ್ಮನ ಮಂಚ ವಾಪಸ್ ತಂದ್ಬಿಡೋಣ. ಅಲ್ಲಿ ಸುಮ್ಮನೆ ಖಾಲಿ ನಿಂತಿದೆ.”

“ಖಾಲಿ ಎಲ್ಲಿದೆ ಕಣೋ” ಎಂದೆ. “ಅಮ್ಮನ ಮಗ್ಗುಲಲ್ಲಿ ಮಗು ಮಲಗಿದೆ.”

ಅವನು ಕೈ ಕೊಟ್ಟ. ಹಿಡಿದುಕೊಂಡು ಎದ್ದೆ, ಚಹಾಕ್ಕೆ ನೀರಿಟ್ಟೆ.